ವಿನ್ಯಾಸದ ಓದು ಮತ್ತು ಜಾತ್ರೆಯ ಬಿಲ್ಲೆಗಳು



ಕಳೆದ ಶ್ರಾವಣದ ಒಂದು ಸೋಮವಾರ ಪ್ರವಚನ ಮುಗಿದು ಜನರೆಲ್ಲ ಪ್ರಸಾದಕ್ಕೆ ಎದ್ದ ಹೊತ್ತಿನಲ್ಲಿ, ನಮಗೆ ಬಹುದಿನಗಳಿಂದ ಪರಿಚಿತರಾದ ಸದ್ಭಕ್ತರೊಬ್ಬರು ತಮ್ಮ ಮಗಳೊಡನೆ ಬಂದು ಎದುರಿಗೆ ಕುಳಿತರು. ರಾಣೆಬೆನ್ನೂರಿನ ಕಡೆಯವರು, ಬೀಜ-ಗೊಬ್ಬರದ ಅಂಗಡಿ ಇಟ್ಟುಕೊಂಡವರು. ಮಗಳು ಪಿ.ಯು. ಎರಡನೆಯ ವರ್ಷದಲ್ಲಿ ವಿಜ್ಞಾನ ಓದುತ್ತಿದ್ದಾಳೆ. ಕುಶಲ ಪ್ರಶ್ನೆ ಮುಗಿಯುವ ಮೊದಲೇ ತಂದೆ ಮಾತು ತೆಗೆದರು: “ಗುರುಗಳ, ಈಕೀಗೆ ನೀವs ಒಂದು ಬುದ್ಧಿಮಾತು ಹೇಳ್ರಿ. ಎಂಜಿನಿಯರಿಂಗ್ ಬ್ಯಾಡಂತ, ಡಿಸೈನ್ ಓದತಾಳಂತ. ನೆಟ್ಟಗ ಒಂದು ಚಿತ್ರ ಬರಿಯಾಕ ಬರೂದಿಲ್ಲ. ಸಾಲ್ಯಾಗ ಡ್ರಾಯಿಂಗಿಗೆ ಎಂದೂ ಬಹುಮಾನ ತಗೊಂಡಾಕಿ ಅಲ್ಲ.”

ಹುಡುಗಿ ತಲೆ ತಗ್ಗಿಸಿ ಚಾಪೆಯ ಅಂಚನ್ನು ನೋಡುತ್ತ ಕುಳಿತಿದ್ದಳು. ನಿಜ ಹೇಳಬೇಕೆಂದರೆ ನಮ್ಮ ನಾಲಗೆಯ ಮೇಲೂ ತಂದೆಯ ಪರವಾದ ಮಾತೇ ಸಿದ್ಧವಾಗಿತ್ತು. ಅದನ್ನು ಆಡದಂತೆ ತಡೆದದ್ದು ಮೂವತ್ತು ವರ್ಷಗಳ ಹಿಂದಿನ ಒಂದು ನೆನಪು. ಓದುಗರ ಮುಂದೆ ಅದನ್ನು ಮುಚ್ಚಿಡುವುದು ಸರಿಯಲ್ಲ.

1993-94ರ ಸುಮಾರಿಗೆ ನಾವು ಮಠದ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳುತ್ತಿದ್ದೆವು. ವಿದ್ಯಾರ್ಥಿನಿಲಯದಲ್ಲಿ ಒಬ್ಬ ಬಡ ಹುಡುಗನಿದ್ದನು. ಜಾತ್ರೆಯ ಫಲಕಗಳನ್ನೆಲ್ಲ ಅವನೇ ಬರೆಯುತ್ತಿದ್ದನು. ತೇರಿಗೆ ಕಟ್ಟುವ ಪಟಗಳಿಗೆ ಬಣ್ಣ ಹಾಕುತ್ತಿದ್ದನು. ಪಿ.ಯು. ಮುಗಿಸಿದ ಮೇಲೆ ದಾವಣಗೆರೆಯ ಚಿತ್ರಕಲಾ ಕಾಲೇಜಿನ ಅರ್ಜಿ ಹಿಡಿದು ನಮ್ಮ ಸಹಿಗಾಗಿ ಬಂದನು. “ಚಿತ್ರ ಹೊಟ್ಟೆ ತುಂಬಿಸುವುದಿಲ್ಲ, ಟಿ.ಸಿ.ಎಚ್. ಮಾಡು” ಎಂದು ಹೇಳಿ ಕಳುಹಿಸಿದೆವು. ಆ ಕಾಲೇಜಿನಲ್ಲಿ ಏನು ಕಲಿಸುತ್ತಾರೆ, ಕಲಿತವರು ಎಲ್ಲಿ ದುಡಿಯುತ್ತಾರೆ ಎಂಬುದರ ಲೇಶಮಾತ್ರ ಅರಿವೂ ನಮಗೆ ಇರಲಿಲ್ಲ. ಅವನು ನಮ್ಮ ಮಾತು ಮೀರಲಿಲ್ಲ. ಶಿಕ್ಷಕನಾದನು, ಒಳ್ಳೆಯ ಶಿಕ್ಷಕನೆಂದು ಹೆಸರನ್ನೂ ಪಡೆದನು. ಎರಡು ವರ್ಷಗಳ ಹಿಂದೆ ಅವನ ಶಾಲೆಗೆ ಹೋಗಿದ್ದೆವು. ಮಕ್ಕಳಿಗೆ ಭಿನ್ನರಾಶಿ ತಿಳಿಯಲೆಂದು ತಾನೇ ಕಟ್ಟಿಗೆಯಲ್ಲಿ ಕೊರೆದು ಮಾಡಿದ್ದ ಹೋಳುಗಳನ್ನು ತೋರಿಸಿದನು. ಬೀಳ್ಕೊಡುವಾಗ, “ಆ ಅರ್ಜಿ ಇನ್ನೂ ಇಟ್ಟೀನ್ರಿ, ಗುರುಗಳ” ಎಂದು ನಕ್ಕನು. ನಮಗೆ ನಗಲಾಗಲಿಲ್ಲ.

ಆದಕಾರಣ ಈ ಸಲ ನಾವು ತಂದೆಗೆ, “ಒಂದು ತಿಂಗಳ ಅವಕಾಶ ಕೊಡಿರಿ, ವಿಚಾರಿಸಿ ಹೇಳುತ್ತೇವೆ” ಎಂದೆವು. ಬಲ್ಲವರನ್ನು ಕೇಳಿದೆವು, ಬೆಂಗಳೂರಿನಲ್ಲಿ ಈ ವೃತ್ತಿಯಲ್ಲಿರುವ ಮಠದ ಹಳೆಯ ವಿದ್ಯಾರ್ಥಿಗಳನ್ನು ಕಂಡೆವು. ಹಾಗೆ ತಿಳಿದುಬಂದುದನ್ನು ಇಲ್ಲಿ ಬರೆಯುತ್ತಿದ್ದೇವೆ. ಇದೇ ಪ್ರಶ್ನೆ ನಮ್ಮ ಓದುಗರ ಎಷ್ಟೋ ಮನೆಗಳಲ್ಲಿ ಎದ್ದಿರಬಹುದು.

ಮೊದಲು ವಿನ್ಯಾಸವೆಂದರೇನು ಎಂಬ ಮಾತು. ಸ್ವಾತಂತ್ರ್ಯಾನಂತರ ನಮ್ಮ ಸರ್ಕಾರವು ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ಎಂಬ ವಿನ್ಯಾಸಕ ದಂಪತಿಗಳನ್ನು ಕರೆಸಿ, ಈ ದೇಶಕ್ಕೆ ಎಂಥ ವಿನ್ಯಾಸ ಶಿಕ್ಷಣ ಬೇಕೆಂದು ಕೇಳಿತು. ಅವರು ದೇಶವನ್ನು ಸುತ್ತಿ 1958ರಲ್ಲಿ ವರದಿ ಕೊಟ್ಟರು. ತಾವು ಇಲ್ಲಿ ಕಂಡ ವಸ್ತುಗಳಲ್ಲೆಲ್ಲ ಅತ್ಯಂತ ಸುಂದರವಾದುದೆಂದು ಅವರು ಆರಿಸಿಕೊಂಡದ್ದು ಅರಮನೆಯನ್ನಲ್ಲ, ಶಿಲ್ಪವನ್ನಲ್ಲ, ನಮ್ಮ ಮನೆಮನೆಯ ತಂಬಿಗೆಯನ್ನು. ಅದರಲ್ಲಿ ಎಷ್ಟು ನೀರು ಹಿಡಿಯಬೇಕು, ಅದು ಸೊಂಟದ ಮೇಲೆ ಹೇಗೆ ಕೂಡುತ್ತದೆ, ತುಂಬಿದಾಗ ತೂಕ ಎತ್ತ ವಾಲುತ್ತದೆ, ಬಗ್ಗಿಸಿದರೆ ಧಾರೆ ಹೇಗೆ ಬೀಳುತ್ತದೆ, ತಿಕ್ಕುವಾಗ ಕೈ ಒಳಗೆ ಹೋಗುತ್ತದೆಯೇ, ಬೆಲೆ ಎಷ್ಟಾದೀತು ಎಂದು ಒಂದೊಂದಾಗಿ ವಿಚಾರಿಸುತ್ತ ಹೋಗಿದ್ದಾರೆ. ಒಬ್ಬನೇ ಮನುಷ್ಯ ಕುಳಿತು ಗೀಚಿದ ವಸ್ತುವಲ್ಲ ಅದು. ತಲೆತಲಾಂತರದ ಕೈಗಳು ತಿದ್ದಿ ತಿದ್ದಿ ತಂದ ರೂಪ. ಬಳಸುವವರ ಕಷ್ಟ-ಸುಖವನ್ನು ಹೀಗೆ ಮುಂಚಿತವಾಗಿ ಕಂಡು ವಸ್ತುವಿಗೆ ರೂಪ ಕೊಡುವುದೇ ವಿನ್ಯಾಸ. ಆ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯು ಸ್ಥಾಪನೆಗೊಂಡಿತು. ‘ಎನ್.ಐ.ಡಿ.’ ಎಂದು ಮಕ್ಕಳು ಹೇಳುವುದು ಇದನ್ನೇ.

ಇನ್ನೊಂದು ಉದಾಹರಣೆ ನಾವೆಲ್ಲರೂ ಬೆರಳಿಟ್ಟು ಬಲ್ಲದ್ದು. 1951-52ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಓದು ಬಾರದ ಮತದಾರರಿಗಾಗಿ ಪ್ರತಿಯೊಬ್ಬ ಅಭ್ಯರ್ಥಿಗೂ ಚಿಹ್ನೆ ಅಂಟಿಸಿದ ಬೇರೆ ಬೇರೆ ಪೆಟ್ಟಿಗೆಗಳನ್ನೇ ಇಟ್ಟಿದ್ದರು. ಮುಂದೆ ಮತಯಂತ್ರ ಬಂದಿತು. ಅದರ ಒಳಗಿನ ವಿದ್ಯುನ್ಮಾನವನ್ನು ಬೆಂಗಳೂರಿನ ಬಿ.ಇ.ಎಲ್. ಮತ್ತು ಹೈದರಾಬಾದಿನ ಇ.ಸಿ.ಐ.ಎಲ್. ಕಾರ್ಖಾನೆಗಳು ಸಿದ್ಧಪಡಿಸಿದವು, ಅದರ ಹೊರರೂಪವನ್ನು, ಬಳಸುವ ರೀತಿಯನ್ನು ರೂಪಿಸಿದವರು ಮುಂಬಯಿ ಐ.ಐ.ಟಿ.ಯ ಔದ್ಯೋಗಿಕ ವಿನ್ಯಾಸ ಕೇಂದ್ರದ ಅಧ್ಯಾಪಕರಾದ ಎ.ಜಿ. ರಾವ್ ಮತ್ತು ರವಿ ಪೂವಯ್ಯ ಮೊದಲಾದವರು. ಹೆಸರು, ಚಿಹ್ನೆ, ದೀಪ, ನೀಲಿ ಗುಂಡಿ ಎಲ್ಲವೂ ಒಂದೇ ಸಾಲಿನಲ್ಲಿವೆ. ಒತ್ತಿದೊಡನೆ ಪಕ್ಕದಲ್ಲಿ ಕೆಂಪು ದೀಪ ಹತ್ತುತ್ತದೆ, ಸದ್ದಾಗುತ್ತದೆ. ಎಂದೂ ಯಂತ್ರ ಮುಟ್ಟದ ಅಜ್ಜಿಗೂ ತನ್ನ ಮತ ಬಿದ್ದಿತೆಂದು ತಿಳಿಯುತ್ತದೆ. ಇದರಲ್ಲಿ ಚಂದದ ಚಿತ್ರವೇನೂ ಇಲ್ಲ, ನೋಡಿರಿ.

ಈ ಮಾತನ್ನು ಕೇಳಿದಾಗಲೇ ನಮಗೆ ಕಳೆದ ಜಾತ್ರೆಯ ಬಿಲ್ಲೆಗಳು ನೆನಪಾದವು. ಮಹಾದ್ವಾರದ ಬಳಿ ಪಾದರಕ್ಷೆ ಕಾಯುವ ಸೇವೆ ನಮ್ಮಲ್ಲಿ ಹಳೆಯದು. ರಟ್ಟಿನ ಚೀಟಿಯ ಮೇಲೆ ಅಂಕಿ ಬರೆದು ಕೊಡುತ್ತಿದ್ದರು. 6 ತಿರುಗಿದರೆ 9 ಆಗುತ್ತಿತ್ತು. ಬೆವರಿಗೆ ಶಾಯಿ ಅಳಿಸುತ್ತಿತ್ತು. ಓದು ಬಾರದ ಹೆಣ್ಣುಮಕ್ಕಳು ತೇರು ಎಳೆದ ಮೇಲೆ ರಾಶಿಯಲ್ಲಿ ತಮ್ಮ ಚಪ್ಪಲಿ ಹುಡುಕುತ್ತ ಅಳುವ ಸ್ಥಿತಿ ಬರುತ್ತಿತ್ತು. ಈ ವರ್ಷ ಪ್ಲೈವುಡ್ಡಿನ ಬಿಲ್ಲೆಗಳು ಬಂದಿದ್ದವು. ಒಂದೊಂದು ಸಾಲಿಗೆ ಒಂದೊಂದು ಬಣ್ಣ. ಬಿಲ್ಲೆಯ ಮೇಲೆ ನೇಗಿಲು, ಕೊಡೆ, ದೀಪ, ಎತ್ತು, ಕೊಡ ಎಂಬಂಥ ಗುರುತು. ಗೂಡಿನ ಮೇಲೆಯೂ ಅದೇ ಗುರುತು. ಕೊರಳಿಗೆ ಹಾಕಿಕೊಳ್ಳಲು ದಾರ. ಒಂದು ಜಗಳವೂ ಆಗಲಿಲ್ಲ. ನಾವು ಸೇವಾಕರ್ತರನ್ನು ಮೆಚ್ಚಿ ಸುಮ್ಮನಾಗಿದ್ದೆವು. ಯಾರ ಯೋಚನೆಯೆಂದು ಕೇಳಿರಲಿಲ್ಲ. ಮುಂದಿನ ಭೇಟಿಯಲ್ಲಿ ಹುಡುಗಿಯನ್ನು ಕೇಳಿದೆವು: “ಆ ಬಿಲ್ಲೆ ಮಾಡಿದಾಕಿ ನೀನೇನವ್ವಾ?” ಹೌದೆಂದು ತಲೆಯಾಡಿಸಿದಳು. ಅವಳ ಅಜ್ಜಿ ಹಿಂದಿನ ವರ್ಷ ಬರಿಗಾಲಲ್ಲಿ ಮನೆಗೆ ಬಂದಿದ್ದರಂತೆ. ತಂದೆಗೆ ಈ ಸಂಗತಿ ಗೊತ್ತಿತ್ತು. ಆದರೆ ಅದಕ್ಕೂ ಕಾಲೇಜಿಗೂ ಏನು ಸಂಬಂಧವೆಂದು ಅವರು ಭಾವಿಸಿರಲಿಲ್ಲ.

ಚಿತ್ರ ಬರೆಯುವ ಕೈ ಬೇಡವೆಂದು ನಾವು ಹೇಳುತ್ತಿಲ್ಲ. ಮನಸ್ಸಿನಲ್ಲಿರುವುದನ್ನು ಇನ್ನೊಬ್ಬರಿಗೆ ತಿಳಿಯುವಂತೆ ಗೀಚಲು ಬರಬೇಕು. ಅದು ಅಭ್ಯಾಸದಿಂದ ಬರುತ್ತದೆ. ಮತ್ತೊಬ್ಬರ ತೊಂದರೆಯನ್ನು ಕಾಣುವ ಕಣ್ಣು ಮಾತ್ರ ಅಭ್ಯಾಸಕ್ಕೂ ಸುಲಭವಾಗಿ ಒಲಿಯದು. ಮಗ ಗೋಡೆಯ ತುಂಬ ಚಿತ್ರ ಬರೆಯುತ್ತಾನೆಂದು ಡಿಸೈನಿಗೆ ಅಟ್ಟುವುದೂ ತಪ್ಪು, ಮಗಳಿಗೆ ಚಿತ್ರ ಬಾರದೆಂದು ಬೇಡವೆನ್ನುವುದೂ ತಪ್ಪು.

ಇನ್ನು ಓದಿನ ಹಾದಿಗಳು. ಇವು ಸ್ಥೂಲವಾಗಿ ಎರಡು ಬಗೆ. ಒಂದು, ದೃಶ್ಯಕಲಾ ಕಾಲೇಜುಗಳಲ್ಲಿ ಕಲಿಸುವ ಅನ್ವಯಿಕ ಕಲೆ. ಜಾಹೀರಾತು, ಪುಸ್ತಕದ ಮುಖಪುಟ, ಪೊಟ್ಟಣ, ಅಕ್ಷರ, ಚಿತ್ರಣ ಇದರ ವಿಷಯಗಳು. ಈ ಪರಂಪರೆ ನಮಗೆ ಹೊಸದಲ್ಲ. ಮುಂಬಯಿಯ ಜೆ.ಜೆ. ಕಲಾಶಾಲೆ 1857ರದು, ಮುಂಬಯಿ ಪ್ರಾಂತದಲ್ಲಿದ್ದ ನಮ್ಮ ಕಡೆಯ ಜಿಲ್ಲೆಗಳ ಹುಡುಗರು ಅಲ್ಲಿಗೆ ಹೋಗಿ ಕಲಿತು ಬಂದರು. ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರು, ಗದುಗಿನಲ್ಲಿ ಟಿ.ಪಿ. ಅಕ್ಕಿಯವರು ಕಲಾಶಾಲೆ ಕಟ್ಟಿ ಬಡಮಕ್ಕಳಿಗೆ ವಿದ್ಯೆ ಕೊಟ್ಟರು. ಮೈಸೂರಿನಲ್ಲಿ 1906ರಲ್ಲಿ ಶಂಕುಸ್ಥಾಪನೆಯಾದ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯ ಪರಂಪರೆಯಲ್ಲಿಯೇ ಇಂದಿನ ‘ಕಾವಾ’ ಎಂಬ ಸರ್ಕಾರಿ ದೃಶ್ಯಕಲಾ ಕಾಲೇಜು ಬೆಳೆದಿದೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಕಾಲೇಜು, ದಾವಣಗೆರೆಯ ವಿಶ್ವವಿದ್ಯಾಲಯದ ದೃಶ್ಯಕಲಾ ಕಾಲೇಜು ಮೊದಲಾದವು ಪದವಿ ಕೊಡುತ್ತವೆ. ಸರ್ಕಾರಿ ಕಾಲೇಜುಗಳಲ್ಲಿ ಶುಲ್ಕ ಕಡಿಮೆ. ಕನ್ನಡದಲ್ಲಿ ಕೇಳಿ ತಿಳಿಯಲು ಆಸ್ಪದವೂ ಉಂಟು.

ಎರಡನೆಯದು ಬಿ.ಡಿಸ್. ಎಂಬ ನಾಲ್ಕು ವರ್ಷಗಳ ವಿನ್ಯಾಸ ಪದವಿ. ಅಹಮದಾಬಾದಿನ ಎನ್.ಐ.ಡಿ.ಯಲ್ಲಿ, ಆಂಧ್ರಪ್ರದೇಶ, ಮಧ್ಯಪ್ರದೇಶ, ಹರಿಯಾಣ, ಅಸ್ಸಾಮುಗಳಲ್ಲಿರುವ ಹೊಸ ಎನ್.ಐ.ಡಿ.ಗಳಲ್ಲಿ ಇದು ದೊರೆಯುತ್ತದೆ. ಬೆಂಗಳೂರಿನಲ್ಲಿರುವ ಎನ್.ಐ.ಡಿ. ಸ್ನಾತಕೋತ್ತರ ಓದಿಗೆ ಮಾತ್ರ, ಹತ್ತಿರವಿದೆಯೆಂದು ಪಿ.ಯು. ಮಕ್ಕಳ ಪಾಲಕರು ಅಲ್ಲಿಗೆ ಓಡುವುದು ವ್ಯರ್ಥ. ಮುಂಬಯಿ ಐ.ಐ.ಟಿ.ಯು 2015ರಿಂದ ‘ಯುಸೀಡ್’ ಎಂಬ ಪ್ರವೇಶ ಪರೀಕ್ಷೆ ನಡೆಸುತ್ತಿದೆ. ಮುಂಬಯಿ, ಗುವಾಹಟಿ, ಹೈದರಾಬಾದ್ ಮೊದಲಾದ ಐ.ಐ.ಟಿ.ಗಳ ವಿನ್ಯಾಸ ಪದವಿಗೆ ಅದೇ ದಾರಿ. ಇಲ್ಲೊಂದು ಸಮಾಧಾನದ ಸಂಗತಿಯಿದೆ: ಇದಕ್ಕೆ ವಿಜ್ಞಾನ ಓದಿರಲೇಬೇಕೆಂದಿಲ್ಲ, ಕಲಾ ಮತ್ತು ವಾಣಿಜ್ಯ ವಿಭಾಗದವರೂ ಬರೆಯಬಹುದು. ಉಡುಪು, ಜವಳಿ, ಆಭರಣ, ಚರ್ಮದ ವಸ್ತುಗಳ ವಿನ್ಯಾಸಕ್ಕೆ 1986ರಲ್ಲಿ ಆರಂಭವಾದ ‘ನಿಫ್ಟ್’ ಇದೆ. ಅದರ ಶಾಖೆ ಬೆಂಗಳೂರಿನಲ್ಲಿಯೂ ಉಂಟು. ನಿಫ್ಟ್ ಎಂದರೆ ಮೆರವಣಿಗೆಯ ಬೆಡಗು ಎಂದು ತಿಳಿದು ಮೂಗು ಮುರಿಯುವ ಹಿರಿಯರನ್ನು ಕಂಡಿದ್ದೇವೆ. ನೂಲು, ನೇಯ್ಗೆ, ಬಣ್ಣಗಾರಿಕೆಗಳನ್ನು ಶಾಸ್ತ್ರೀಯವಾಗಿ ಕಲಿಸುವ ಜಾಗವದು. ಅರ್ಜಿಯ ದಿನಾಂಕ, ನಿಯಮಗಳು ವರ್ಷವರ್ಷಕ್ಕೆ ಬದಲಾಗುವುದರಿಂದ ಆಯಾ ಸಂಸ್ಥೆಯ ಪ್ರಕಟಣೆಯನ್ನೇ ನೋಡಬೇಕು. ಪರೀಕ್ಷೆಗಳು ಸಾಮಾನ್ಯವಾಗಿ ಚಳಿಗಾಲದಲ್ಲಿ, ಪಿ.ಯು. ಪರೀಕ್ಷೆಗೂ ಮೊದಲೇ ನಡೆಯುತ್ತವೆ. ಫಲಿತಾಂಶ ಬಂದ ಮೇಲೆ ನೋಡೋಣವೆಂದು ಕುಳಿತವರಿಗೆ ಆ ವರ್ಷ ತಪ್ಪಿದಂತೆಯೇ. ವಾಸ್ತುಶಿಲ್ಪದ ಬಿ.ಆರ್ಕ್. ಓದು ಬೇರೆ, ಅದರ ಪರೀಕ್ಷೆ ಬೇರೆ, ಎರಡನ್ನೂ ಬೆರೆಸಬಾರದು.

ಹಣದ ಮಾತು ಕಠಿಣವಾದುದು. ಖಾಸಗಿ ವಿನ್ಯಾಸ ಕಾಲೇಜುಗಳು ಬೆಂಗಳೂರಿನಲ್ಲಿ ಅಣಬೆಯಂತೆ ಎದ್ದಿವೆ. ಕೆಲವು ನಿಜಕ್ಕೂ ಉತ್ತಮವಾದವು. ಆದರೆ ನಾಲ್ಕು ವರ್ಷಗಳ ಶುಲ್ಕ, ವಸತಿ ಎಲ್ಲ ಸೇರಿ 20 ಲಕ್ಷ ರೂಪಾಯಿ ದಾಟುವುದು ಅಲ್ಲಿ ಅಪರೂಪವಲ್ಲ. ಹೊಲ ಒತ್ತೆಯಿಟ್ಟು ಸೇರಿಸುವ ಮುನ್ನ ಪಾಲಕರು ಆ ಕಾಲೇಜಿನೊಳಗೆ ಒಮ್ಮೆ ಕಾಲಿಟ್ಟು ನೋಡಬೇಕೆಂದು ನಮ್ಮ ಆಗ್ರಹ. ಸ್ವಾಗತ ಕೋಣೆಯ ಸೋಫಾ ನೋಡಬೇಡಿರಿ. ಕಾರ್ಯಾಗಾರ ಎಲ್ಲಿದೆಯೆಂದು ಕೇಳಿರಿ. ಮರಗೆಲಸದ ಮೇಜು, ಮಗ್ಗ, ಮಣ್ಣಿನ ಚಕ್ರ, ಲೋಹ ಕೊರೆಯುವ ಯಂತ್ರಗಳ ಮೇಲೆ ಧೂಳು ಕುಳಿತಿದೆಯೋ, ಮಕ್ಕಳ ಕೈ ಓಡಾಡಿದೆಯೋ ಎಂಬುದು ಕಣ್ಣಿಗೇ ತಿಳಿಯುತ್ತದೆ. ಕಳೆದ ಮೂರು ವರ್ಷಗಳಲ್ಲಿ ಓದು ಮುಗಿಸಿದವರು ಎಲ್ಲಿದ್ದಾರೆಂದು ಕೇಳಿ, ಅವರಲ್ಲಿ ಇಬ್ಬರೊಡನೆ ಮಾತನಾಡಿರಿ. ಪದವಿ ಕೊಡುವ ವಿಶ್ವವಿದ್ಯಾಲಯಕ್ಕೆ ಮಾನ್ಯತೆಯಿದೆಯೇ ನೋಡಿರಿ. ಆರು ತಿಂಗಳಲ್ಲಿ ಎರಡು ಕಂಪ್ಯೂಟರ್ ತಂತ್ರಾಂಶ ಕಲಿಸಿ ‘ಡಿಸೈನರ್’ ಎಂಬ ಪ್ರಮಾಣಪತ್ರ ಕೊಡುವ ಅಂಗಡಿಗಳೂ ಇವೆ. ಅವು ಕಲಿಸುವುದು ಉಪಕರಣವನ್ನು, ವಿದ್ಯೆಯನ್ನಲ್ಲ. ಸಾಲ ಅನಿವಾರ್ಯವಾದರೆ, ಕೇಂದ್ರ ಸರ್ಕಾರವು 2024ರ ನವೆಂಬರಿನಲ್ಲಿ ಒಪ್ಪಿದ ಪ್ರಧಾನಮಂತ್ರಿ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಯ್ದ ಸಂಸ್ಥೆಗಳಿಗೆ ಸೇರಿದವರಿಗೆ ಆಸ್ತಿಯ ಒತ್ತೆಯಿಲ್ಲದೆ ಸಾಲ ದೊರೆಯುತ್ತದೆ. ತಮ್ಮ ಕಾಲೇಜು ಆ ಪಟ್ಟಿಯಲ್ಲಿದೆಯೇ ಎಂದು ಬ್ಯಾಂಕಿನಲ್ಲಿ ಮೊದಲೇ ಕೇಳುವುದು ಒಳಿತು.

ಉದ್ಯೋಗದ ವಿಚಾರ. ಎಂಜಿನಿಯರಿಂಗಿನಂತೆ ಅಂಕಪಟ್ಟಿ ತೋರಿಸಿ ಕೆಲಸ ಪಡೆಯುವ ಕ್ಷೇತ್ರವಲ್ಲ ಇದು. ತಾನು ಮಾಡಿದ ಕೆಲಸಗಳ ಸಂಪುಟವನ್ನು ಮುಂದಿಡಬೇಕು. ಅದನ್ನು ನೋಡಿ ಕೆಲಸ ಕೊಡುತ್ತಾರೆ. ಮೊದಲ ಎರಡು-ಮೂರು ವರ್ಷ ಸಂಬಳ ಸಾಧಾರಣವಾಗಿರುವುದೇ ಹೆಚ್ಚೆಂದು ಈ ವೃತ್ತಿಯಲ್ಲಿರುವವರು ನಮಗೆ ಹೇಳಿದರು. ಬೆಂಗಳೂರಿನಲ್ಲಿ ಈಗ ಹೆಚ್ಚು ಜನ ದುಡಿಯುತ್ತಿರುವುದು ಮೊಬೈಲು ಮತ್ತು ಗಣಕಯಂತ್ರದ ಪರದೆಗಳ ವಿನ್ಯಾಸದಲ್ಲಿ. ಬ್ಯಾಂಕಿನ ಹಣ ಕಳಿಸುವ ಗುಂಡಿ ಎಲ್ಲಿರಬೇಕು, ತಪ್ಪಿದರೆ ಹಿಂದೆ ಬರುವುದು ಹೇಗೆ ಎಂಬುದನ್ನು ಗೊತ್ತುಮಾಡುವವರು ಇವರೇ. ವಾಹನ, ಗಡಿಯಾರ, ವೈದ್ಯಕೀಯ ಸಾಧನ, ಪೀಠೋಪಕರಣ, ಆಟಿಕೆ, ಜವಳಿ, ಪ್ರಕಾಶನ, ವಸ್ತುಸಂಗ್ರಹಾಲಯ ಹೀಗೆ ಬೇರೆ ಕ್ಷೇತ್ರಗಳೂ ಅನೇಕ. 2010ರಲ್ಲಿ ಸ್ವೀಕೃತವಾದ ರೂಪಾಯಿಯ ಚಿಹ್ನೆಯನ್ನು ರಚಿಸಿದ ಡಿ. ಉದಯಕುಮಾರ್ ಅವರು ಮುಂಬಯಿ ಐ.ಐ.ಟಿ.ಯಲ್ಲಿ ವಿನ್ಯಾಸದ ಸಂಶೋಧನ ವಿದ್ಯಾರ್ಥಿಯಾಗಿದ್ದವರು.

ಭಯದ ಮಾತನ್ನೂ ಮರೆಮಾಚಬಾರದು. ನಮ್ಮ ಊರುಗಳಲ್ಲಿ ಕುಂಚ ಹಿಡಿದು ಬೋರ್ಡು ಬರೆಯುತ್ತಿದ್ದವರ ಬದುಕನ್ನು ಫ್ಲೆಕ್ಸ್ ಮುದ್ರಣ ಕೆಲವೇ ವರ್ಷಗಳಲ್ಲಿ ನುಂಗಿದ್ದನ್ನು ಕಣ್ಣಾರೆ ಕಂಡಿದ್ದೇವೆ. 2022ರಿಂದೀಚೆಗೆ ಬಾಯಿಮಾತಿನಲ್ಲಿ ಹೇಳಿದರೆ ಚಿತ್ರ ಬರೆದುಕೊಡುವ ಯಂತ್ರಬುದ್ಧಿ ಬಂದಿದೆ. ಲಗ್ನಪತ್ರಿಕೆ, ಜಾಹೀರಾತಿನ ಸಣ್ಣ ಚಿತ್ರ ಇಂಥವುಗಳನ್ನೇ ನೆಚ್ಚಿಕೊಂಡವರಿಗೆ ಕಷ್ಟ ಈಗಾಗಲೇ ಮುಟ್ಟಿದೆ. ಕೈಚಳಕ ಮಾತ್ರ ಕಲಿಸುವ ಕಾಲೇಜಿಗೆ 20 ಲಕ್ಷ ಸುರಿಯುವುದು ಅಪಾಯವೆಂದು ನಾವು ಹೇಳುವುದು ಇದಕ್ಕಾಗಿ. ಮಹಾದ್ವಾರದ ಬಳಿ ನಿಂತು, ಅಜ್ಜಿ ಯಾಕೆ ಅಳುತ್ತಿದ್ದಾಳೆಂದು ಕೇಳುವ ಕೆಲಸ ಯಂತ್ರಕ್ಕೆ ಇನ್ನೂ ಬಂದಿಲ್ಲ.

ನಮ್ಮ ಭಾಷೆಯ ಮಕ್ಕಳಿಗಾಗಿಯೇ ಕಾದಿರುವ ಕೆಲಸ ಒಂದುಂಟು; ಅದು ಕನ್ನಡ ಅಕ್ಷರದ್ದು. ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯ 1841ರಲ್ಲಿ ಆರಂಭವಾಯಿತು. ಅಲ್ಲಿಂದ ಮುಂದೆ ಅಚ್ಚಿನ ಮೊಳೆಗೆ ಒಗ್ಗುವಂತೆ ನಮ್ಮ ಲಿಪಿಯನ್ನು ತಿದ್ದಲು ಎಷ್ಟೋ ಕುಶಲಿಗಳು ದುಡಿದರು. ಒತ್ತಕ್ಷರ ಕೆಳಗೆ ಇಳಿಯುವುದರಿಂದ ಕನ್ನಡದ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬೇಕು. ಅಕ್ಷರಗಳು ದುಂಡಾಗಿರುವುದರಿಂದ ಸಣ್ಣ ಗಾತ್ರದಲ್ಲಿ ಒಳಗಿನ ಬಯಲು ಮುಚ್ಚಿಹೋಗುತ್ತದೆ. ಇದನ್ನು ಬಗೆಹರಿಸುವುದು ಶುದ್ಧ ವಿನ್ಯಾಸದ ಸಮಸ್ಯೆ. ವಿಂಡೋಸ್ ಗಣಕಯಂತ್ರಗಳೊಡನೆ ಬಂದ ‘ತುಂಗಾ’ ಎಂಬ ಕನ್ನಡ ಅಕ್ಷರಮಾದರಿಯನ್ನು ರೂಪಿಸಿದವರು ಆರ್.ಕೆ. ಜೋಶಿಯವರ ಮಾರ್ಗದರ್ಶನದ ತಂಡದವರು. ಜೋಶಿಯವರು ಮುಂಬಯಿಯ ಅನ್ವಯಿಕ ಕಲೆಯ ಮೇಷ್ಟ್ರು. ಇತ್ತೀಚಿನ ‘ಬಾಲೂ ತಮ್ಮ’ ಅಕ್ಷರವೂ ಮುಂಬಯಿಯ ಸಂಸ್ಥೆಯೊಂದರ ಕೆಲಸ. ಅವರಿಗೆ ನಮ್ಮ ವಂದನೆ ಸಲ್ಲಲಿ. ಆದರೆ ಕನ್ನಡ ಓದಿ ಬೆಳೆದ ಮಕ್ಕಳು ಈ ಕೆಲಸಕ್ಕೆ ಕೈ ಹಚ್ಚುವುದು ಯಾವಾಗ? ಕೆಲವು ಬಸ್ ನಿಲ್ದಾಣಗಳ ಫಲಕದಲ್ಲಿ ಒತ್ತಕ್ಷರದ ಬಾಲ ಕತ್ತರಿಸಿ ಹೋಗಿರುವುದನ್ನು ನೋಡಿದಾಗಲೆಲ್ಲ ನಮಗೆ ಈ ಸಂಕಟ.

ಇನ್ನೊಂದು ಸಂಗತಿ. ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ, ಕಿನ್ನಾಳದ ಗೊಂಬೆ, ಬೀದರಿನ ಬಿದರಿ, ಚನ್ನಪಟ್ಟಣದ ಅರಗಿನ ಬೊಂಬೆಗಳಿಗೆ ಹೊಸ ಬಳಕೆ, ಹೊಸ ಗಿರಾಕಿ ಹುಡುಕಿಕೊಡಲು ಓದಿದವರು ಬೇಕಾಗಿದ್ದಾರೆ. ಆದರೆ ಕುಶಲಿಗಳ ಮನೆಗೆ ಹೋಗಿ ನಮೂನೆಯ ಚಿತ್ರ ತೆಗೆದುಕೊಂಡು, ತಮ್ಮ ಹೆಸರಿನಲ್ಲಿ ಮಾರಿ, ನೇಕಾರರಿಗೆ ಹಳೆಯ ಕೂಲಿಯನ್ನೇ ಕೊಡುವ ‘ಡಿಸೈನರು’ಗಳೂ ಇದ್ದಾರೆಂದು ನೇಕಾರ ಬಂಧುಗಳೇ ನಮ್ಮೊಡನೆ ಹೇಳಿಕೊಂಡಿದ್ದಾರೆ. ಜೇಡರ ದಾಸಿಮಯ್ಯ, ಮೇದಾರ ಕೇತಯ್ಯ, ಕುಂಬಾರ ಗುಂಡಯ್ಯ ಎಂದು ಕಸುಬಿನ ಹೆಸರು ಹೇಳಿಯೇ ಶರಣರನ್ನು ನೆನೆಯುವ ಮನೆಗಳಲ್ಲಿ, ಕೈಕೆಲಸದ ಓದೆಂದರೆ ಬುದ್ಧಿ ಕಡಿಮೆಯವರ ಓದು ಎಂಬ ಭಾವನೆ ಹೇಗೆ ಸೇರಿತೋ ನಮಗೆ ತಿಳಿಯದು. ನಮ್ಮಲ್ಲಿಯೂ ಅದು ಇದ್ದಿತು ಎಂಬುದನ್ನು ಮೇಲೆಯೇ ಒಪ್ಪಿಕೊಂಡಿದ್ದೇವೆ.

ತಂದೆಯವರು ಎಲ್ಲವನ್ನೂ ಕೇಳಿದರು. ಪೂರ್ಣ ಒಪ್ಪಿಗೆಯಾಯಿತೆಂದು ಹೇಳಲಾರೆವು. ಯುಸೀಡ್, ಎನ್.ಐ.ಡಿ. ಎರಡನ್ನೂ ಬರೆಯಲಿ, ಸಿ.ಇ.ಟಿ.ಯನ್ನೂ ಬಿಡಬಾರದು ಎಂಬಲ್ಲಿಗೆ ಮಾತು ನಿಂತಿತು. ಸರ್ಕಾರಿ ಸಂಸ್ಥೆಗಳಲ್ಲಿ ಸಿಗದಿದ್ದರೆ ದೃಶ್ಯಕಲಾ ಕಾಲೇಜು. ದುಬಾರಿ ಖಾಸಗಿ ಕಾಲೇಜು ಬೇಡವೆಂದು ಹುಡುಗಿಯೇ ಹೇಳಿದಳು. ತಂದೆಯ ಅಂಗಡಿಯ ಲೆಕ್ಕವನ್ನು ಬರೆಯುವವಳು ಅವಳೇ ಅಂತೆ.

ಹೊರಡುವಾಗ ಅವಳು ಉಗ್ರಾಣದವರನ್ನು ಕೇಳಿ ಬಿಲ್ಲೆಗಳ ಚೀಲವನ್ನು ಇಸಿದುಕೊಂಡಳು. ಯಾಕವ್ವಾ ಎಂದು ಕೇಳಿದೆವು. ಜಾತ್ರೆಯ ದಿನ ಮೂರು ಜನ ಎತ್ತಿನ ಬಿಲ್ಲೆ ಹಿಡಿದುಕೊಂಡು ಪಕ್ಕದ ಸಾಲಿನ ಕುದುರೆಯ ಗೂಡಿನ ಮುಂದೆ ಬಂದು ನಿಂತಿದ್ದರಂತೆ. ಸಂಜೆಯ ಬೆಳಕಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ಬಣ್ಣವೂ ತಿಳಿಯುವುದಿಲ್ಲ. “ಎತ್ತಿನ ಕೋಡು ಇನ್ನೂ ದೊಡ್ಡದು ಮಾಡಬೇಕ್ರಿ, ಇಲ್ಲಂದ್ರ ಕುದುರೀನ ತೆಗೀಬೇಕು” ಎಂದು ಹೇಳಿ, ಚೀಲವನ್ನು ಹೆಗಲಿಗೆ ಹಾಕಿಕೊಂಡು ತಂದೆಯ ಹಿಂದೆ ನಡೆದಳು.